ಯಾವ ಪೈಪು ಮುರಿಯುತ್ತದೆ

ಗಾಂಧೀಧಾಮ, ಕಚ್ಛ
೧೨-೨-೧೯೭೪

ಪ್ರೀತಿಯ ತಂಗಿ ನಜಮುನ್ನೀಸಾಳಿಗೆ ಭಾಯಿ ಕರೀಮಸಾಬನ ಸಲಾಮ.

ಸುಖವಾಗಿ ಬಂದು ಮುಟ್ಟಿದ್ದೇನೆ. ಊರಿನಿಂದ ಸೈಟಿಗೆ ಕಂಪನಿಯ ಲಾರಿ ಇದೆ. ಎತ್ತ ನೋಡಿದರೂ ಉಪ್ಪು, ಬಿಸಿಲು, ಮತ್ತೆ ಉಪ್ಪು. ಅಂಧೇರಿಯ ವರ್ಕ್‌ಶಾಪಿನಲ್ಲಿ ಬರೀ ಫಿಟ್ಟರ್ ಆಗಿದ್ದವನನ್ನು ಇಲ್ಲಿ ಎಲ್ಲರೂ ಫೋರಮನ್ ಸಾಹೇಬ ಎನ್ನುತ್ತಾರೆ. ಮೊದಲ ದಿನ ಯಾರನ್ನು ಕರೆಯುತ್ತಿದ್ದಾರೆ ಎಂದು ನಾನೇ ಹಿಂದೆ ತಿರುಗಿ ನೋಡಿದೆ.

ಇಲ್ಲಿ ಉಪ್ಪಿನಿಂದ ಆಮ್ಲ ಮಾಡುವ ಕಾರ್ಖಾನೆ ಎದ್ದು ನಿಲ್ಲುತ್ತಿದೆ. ಸುಡುಸುಡುವ ಆಮ್ಲದ ಗಾಳಿಯನ್ನು ತಣ್ಣಗೆ ಮಾಡಲು ಪೈಪುಗಳನ್ನು ಏಣಿಯ ಹಾಗೆ ಒಂದರ ಮೇಲೊಂದು ಮಲಗಿಸಿ ಮೇಲಿನಿಂದ ನೀರು ಬಿಡುತ್ತಾರೆ. ಆ ಗಾಳಿ ಕಬ್ಬಿಣವನ್ನು ತಿಂದುಬಿಡುತ್ತದೆಯಂತೆ. ಅದಕ್ಕೇ ಗ್ರಾಫೈಟಿನ ಪೈಪು. ಪೆಟ್ಟಿಗೆ ಬಿಚ್ಚಿದಾಗ ಕೈಯೆಲ್ಲ ರೊಟ್ಟಿ ಹಂಚು ತಿಕ್ಕಿದ ಹಾಗೆ ಕಪ್ಪಾಯಿತು. ಪೆಟ್ಟಿಗೆಯ ಮೇಲೆ ಪವಾಯಿಯ ನಿಮ್ಮ ಲ್ಯಾಬೋರೇಟರಿಯ ಮುದ್ರೆ. ಅದನ್ನು ನೋಡಿ ನನ್ನ ಎದೆ ಎಷ್ಟು ಉಬ್ಬಿತೆಂದರೆ, ಜೊತೆಗಿದ್ದ ನಮ್ಮ ನೆರೆಮನೆಯ ರಾಮಪ್ಪನಿಗೆ, “ನನ್ನ ತಂಗಿ ಮುಟ್ಟಿ ನೋಡಿದ ಮಾಲು ಇದು” ಎಂದು ಹೇಳಿಬಿಟ್ಟೆ. ಹೌದೋ ಅಲ್ಲವೋ ನೀನೇ ಬರೆ.

ನಿನ್ನ ಭಾಬಿ ರೋಷನಬಿಗೆ ಕನ್ನಡ ಓದಲು ಬರುವುದಿಲ್ಲವಲ್ಲ, ಈ ಪತ್ರ ಓದಿ ಹೇಳು. ಅವಳ ಕಾಲುನೋವು ಹೇಗಿದೆ? ವಡಾಲದ ಆ ನಾಲ್ಕು ಮಹಡಿ ಹತ್ತಿಳಿಯುವುದನ್ನು ಕಡಿಮೆ ಮಾಡಲಿ. ಇಲ್ಲಿ ಎಂಜಿನಿಯರು ಶಂಕ್ರೆಪ್ಪನವರು ಬೆಳಗಾವಿ ಕಡೆಯವರು. ಮಾತು ಒರಟು. ಆದರೆ ನಮ್ಮ ಕಡೆಯ ಮಾತು ಕೇಳಲು ಸಿಗುತ್ತದೆ, ಅಷ್ಟೇ ಸಮಾಧಾನ.

ನಿನ್ನ ಭಾಯಿ
ಕರೀಮ

~

ವಡಾಲ, ಮುಂಬಯಿ
೨೫-೨-೧೯೭೪

ಭಾಯಿಜಾನರಿಗೆ ನಜಮಾಳ ಸಲಾಮ.

ನಿಮ್ಮ ಪತ್ರ ಓದಿ ಭಾಬಿ ನಕ್ಕರು. ಮಕ್ಕಳು ಈಗ ನಿಮ್ಮ ಫೋಟೋಕ್ಕೆ ಫೋರಮನ್ ಸಾಹೇಬ ಎಂದು ಸಲಾಮು ಹೊಡೆಯುತ್ತಿವೆ. ಕಾಲುನೋವು ಮೊದಲಿಗಿಂತ ಮೇಲು.

ಹೌದು, ಆ ಮಾಲನ್ನು ಮುಟ್ಟಿದವಳು ನಾನೇ. ಪೈಪನ್ನಲ್ಲ. ಪೈಪು ಕೊರೆಯುವ ಗ್ರಾಫೈಟಿನ ದಿಮ್ಮಿಗಳಿಂದ ಬೆರಳು ದಪ್ಪದ ಕಡ್ಡಿಗಳನ್ನು ಕತ್ತರಿಸಿ ನಮಗೆ ಕಳಿಸಿದ್ದರು. ಕಡ್ಡಿಯನ್ನು ಎರಡು ತುದಿಗೆ ಆಧಾರ ಕೊಟ್ಟು ಮಲಗಿಸಿ ನಡುವೆ ಭಾರ ಒತ್ತುತ್ತಾ ಹೋಗುತ್ತೇವೆ. ಟಕ್ ಎಂದು ಮುರಿಯುತ್ತದೆ. ಎಷ್ಟು ಭಾರಕ್ಕೆ ಮುರಿಯಿತು ಎಂದು ಬರೆದುಕೊಳ್ಳುತ್ತೇವೆ. ಎಲ್ಲದರ ಸರಾಸರಿ ತೆಗೆದರೆ ಬೇಕಾದ್ದಕ್ಕಿಂತ ಬಹಳ ಮೇಲಿತ್ತು. ಹಾಗಾಗಿ ಮುದ್ರೆ ಬಿತ್ತು. ರಾಮಪ್ಪನವರಿಗೆ ನೀವು ಹೇಳಿದ್ದು ಸುಳ್ಳಾಗಲಿಲ್ಲ.

ಗ್ರಾಫೈಟು ಕಬ್ಬಿಣದ ಹಾಗೆ ಬಾಗಿ ಸೂಚನೆ ಕೊಡುವ ವಸ್ತುವಲ್ಲ, ಎತ್ತುವಾಗ ಇಳಿಸುವಾಗ ಜೋಪಾನ. ಉಳಿದಂತೆ ಚಿಂತೆ ಬೇಡ.

ನಾನು ಕುರ್ಲಾದಲ್ಲಿ ಲೋಕಲ್ ಇಳಿದು ಬಸ್ಸು ಹಿಡಿದು ಹೋಗುವುದು ಈಗ ಅಭ್ಯಾಸವಾಗಿದೆ. ಲ್ಯಾಬಿನ ಗಂಡಸರ ನಡುವೆ ನಾನೊಬ್ಬಳೇ ಹೆಣ್ಣು ಎಂದು ನೀವು ಹೆದರಿದ್ದಿರಿ. ದೊಡ್ಡ ಸಾಹೇಬರು ಶಿಸ್ತಿನವರು. ಅವರೆದುರು ಯಾರೂ ಹೆಚ್ಚು ಮಾತಾಡುವುದಿಲ್ಲ. ನಾನೂ ಆಡುವುದಿಲ್ಲ.

ನಿಮ್ಮ
ನಜಮಾ

~

ಗಾಂಧೀಧಾಮ
೧೮-೩-೧೯೭೪

ಪ್ರೀತಿಯ ನಜಮಾ,

ಮೊನ್ನೆ ಒಂದು ಪೈಪು ಮುರಿಯಿತು. ಯಾರೂ ಬೀಳಿಸಲಿಲ್ಲ, ಯಾರೂ ಹೊಡೆಯಲಿಲ್ಲ. ಮೆತ್ತನೆ ಪಟ್ಟಿ ಸುತ್ತಿ, ಎರಡು ಕಡೆ ಹಗ್ಗ ಕಟ್ಟಿ ಮೇಲೆತ್ತುತ್ತಿದ್ದೆವು. ನಡುಮಧ್ಯೆ ತುಂಡಾಗಿ ಕೆಳಗೆ ಬಿತ್ತು. ಶಂಕ್ರೆಪ್ಪನವರು ಓಡಿಬಂದು ಎಲ್ಲರೆದುರು, “ಫೋರಮನ್ ಮಾಡಿ ಕಳಿಸ್ಯಾರ ನಿನ್ನ, ಒಂದು ಪೈಪ್ ಎತ್ತಾಕ ಬರಂಗಿಲ್ಲೇನು?” ಎಂದರು. ನಾನು ತುಂಡುಗಳನ್ನು ಒಂದು ಕಡೆ ಕೂಡಿಸಿದೆ. ಎತ್ತಿಸಿದವನು ನಾನೇ ತಾನೆ.

ಯಾರಿಗೂ ಗಾಯವಿಲ್ಲ. ರೋಷನಬಿಗೆ ಈ ಭಾಗ ಓದಬೇಡ.

ಆದರೆ ಒಂದು ಮಾತು ತಲೆಯಲ್ಲಿ ಕೊರೆಯುತ್ತಿದೆ. ನಿನ್ನ ಬೆರಳು ದಪ್ಪದ ಕಡ್ಡಿ ಅಷ್ಟು ತಡೆಯಿತು ಎನ್ನುತ್ತೀ. ಇದು ತೊಡೆ ದಪ್ಪದ ಪೈಪು, ತನ್ನ ಭಾರವನ್ನೇ ತಡೆಯಲಿಲ್ಲ. ನನ್ನ ಕೈ ತಪ್ಪೋ, ಮಾಲಿನ ತಪ್ಪೋ? ರಾಮಪ್ಪ ಯುಗಾದಿಗೆ ಮನೆಗೆ ಬರುತ್ತಿದ್ದಾನೆ. ಮುರಿದ ತುಂಡುಗಳನ್ನು ಗೋಣಿಚೀಲದಲ್ಲಿ ಸುತ್ತಿ ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಶಂಕ್ರೆಪ್ಪನವರನ್ನು ಕೇಳಿಯೇ ಕಳಿಸಿದ್ದು. “ಕಸ ಅದು, ಒಯ್ಯಲಿ ಬಿಡು” ಎಂದರು. ನಿನಗೆ ಬಿಡುವಿದ್ದರೆ ನೋಡು. ನಿನ್ನ ಸಾಹೇಬರಿಗೆ ಬೇಸರವಾಗುವುದಾದರೆ ಬೇಡ. ನಿನ್ನ ಕೆಲಸಕ್ಕೆ ಕುತ್ತು ಬರುವುದು ನನಗೆ ಬೇಕಾಗಿಲ್ಲ.

ನಿನ್ನ ಭಾಯಿ
ಕರೀಮ

~

ವಡಾಲ
೧೪-೪-೧೯೭೪

ಭಾಯಿಜಾನ, ಸಲಾಮ.

ತುಂಡುಗಳು ಸಿಕ್ಕವು. ರಾಮಪ್ಪನವರ ಹೆಂಡತಿ ದೇವಕ್ಕ ಚೀಲವನ್ನು ಹೋಳಿಗೆಯ ಡಬ್ಬಿಯ ಜೊತೆ ತಂದುಕೊಟ್ಟರು. ಹೋಳಿಗೆಯ ಬಟ್ಟೆಗೂ ಮಸಿ ಹತ್ತಿತ್ತು.

ಪತ್ರ ತಡವಾದದ್ದಕ್ಕೆ ಕಾರಣ ಇದೆ. ತುಂಡುಗಳನ್ನು ಬೇರೆ ಬೇರೆ ಅಳತೆಗೆ ಕತ್ತರಿಸಿ ಮುರಿದು ನೋಡಿದೆ. ಬೆರಳು ದಪ್ಪದವು ಮೊದಲಿನ ಹಾಗೇ ಗಟ್ಟಿ. ಮೊಣಕೈ ಉದ್ದದ, ಪೈಪಿನ ಪೂರಾ ದಪ್ಪದ ತುಂಡುಗಳು ಅಳತೆಗೆ ತಕ್ಕಷ್ಟು ಹೆಚ್ಚು ಭಾರ ತಡೆಯಬೇಕಿತ್ತು. ತಡೆಯಲಿಲ್ಲ. ಅಷ್ಟೇ ಅಲ್ಲ, ಒಂದರ ಹಾಗೆ ಇನ್ನೊಂದಿಲ್ಲ. ಒಂದೇ ಪೈಪಿನ ಅಕ್ಕಪಕ್ಕದ ಎರಡು ತುಂಡು: ಒಂದು ಗಟ್ಟಿ, ಒಂದು ಅದರ ಅರ್ಧಕ್ಕೇ ಹೋಯಿತು.

ನಮ್ಮ ಊರಿನ ಸೇದುವ ಬಾವಿಯ ಹಗ್ಗ ನೆನೆಸಿಕೊಳ್ಳಿ. ಅದರ ಒಂದು ಗೇಣು ಕತ್ತರಿಸಿ ಜಗ್ಗಿದರೆ ಹರಿಯುವುದಿಲ್ಲ. ಇನ್ನೊಂದು ಗೇಣೂ ಹರಿಯುವುದಿಲ್ಲ. ಆದರೆ ಇಡೀ ಹಗ್ಗಕ್ಕೆ ಕೊಡ ಕಟ್ಟಿದಾಗ ಎಲ್ಲಿ ಸವೆದಿದೆಯೋ ಅಲ್ಲಿ ಹರಿಯುತ್ತದೆ. ಹಗ್ಗ ಉದ್ದವಾದಷ್ಟೂ ಅಂಥ ಜಾಗ ಅದರಲ್ಲಿ ಇರುವ ಸಂಭವ ಹೆಚ್ಚು. ಗ್ರಾಫೈಟಿನ ಒಳಗೆ ಸುಡುವಾಗ ಉಳಿದ ಪೊಳ್ಳುಗಳು ಇರುತ್ತವೆ. ಸಣ್ಣ ಕಡ್ಡಿಯಲ್ಲಿ ದೊಡ್ಡ ಪೊಳ್ಳು ಸಿಗುವುದು ಅಪರೂಪ. ಇಡೀ ಪೈಪಿನಲ್ಲಿ ಎಲ್ಲೋ ಒಂದು ಇದ್ದೇ ಇರುತ್ತದೆ. ಬಿರುಕು ಅಲ್ಲಿಂದ ಹೊರಡುತ್ತದೆ. ನಮಗೆ ಕಳಿಸಿದ ಕಡ್ಡಿಗಳು ದಿಮ್ಮಿಯ ಅಂಚಿನವು ಎಂದೂ ಈಗ ತಿಳಿಯಿತು. ಅಂಚು ಚೆನ್ನಾಗಿ ಬೆಂದಿರುತ್ತದೆ, ನಡುಭಾಗ ಹಾಗಿರುವುದಿಲ್ಲ.

ಆದ್ದರಿಂದ ಪೈಪು ಮುರಿದದ್ದು ನಿಮ್ಮ ಕೈ ತಪ್ಪಿನಿಂದ ಅಲ್ಲ. ಇದನ್ನು ಮೊದಲು ಹೇಳಬೇಕಿತ್ತು.

ಈಗ ದಯವಿಟ್ಟು ಒಂದು ಕೆಲಸ ಮಾಡಿ. ಆಮ್ಲದ ಗಾಳಿ ಬಿಡುವ ಮೊದಲು ಪ್ರತಿ ಪೈಪಿಗೂ ನೀರು ತುಂಬಿ, ಪಂಪಿನಿಂದ ಒತ್ತಡ ಕೊಟ್ಟು ನೋಡಿ. ನೀರಿನಲ್ಲಿ ಮುರಿದರೆ ನೆಲ ಒದ್ದೆಯಾಗುತ್ತದೆ, ಅಷ್ಟೇ. ಗಾಳಿಯಲ್ಲಿ ಮುರಿದರೆ ಚೂರುಗಳು ಸಿಡಿಯುತ್ತವೆ, ಜೊತೆಗೆ ಆ ಸುಡುವ ಆಮ್ಲ.

ದೊಡ್ಡ ಸಾಹೇಬರಿಗೆ ತೋರಿಸಿದೆ. “ನಮಗೆ ಕಡ್ಡಿ ಕೊಟ್ಟರು, ಕಡ್ಡಿಯ ಬಲ ಹೇಳಿದೆವು. ಪೈಪಿನ ಬಲ ಯಾರೂ ಕೇಳಿಲ್ಲ” ಎಂದರು. ಅವರ ಮಾತೂ ಸರಿಯೇ. ಸದ್ಯ ನನಗೆ ಬೇರೆ ವಿಭಾಗದಲ್ಲಿ ಕೆಲಸ ಕೊಟ್ಟಿದ್ದಾರೆ. ಅಲ್ಲಿ ಗಾಳಿ ಬೆಳಕು ಚೆನ್ನಾಗಿದೆ.

ನಿಮ್ಮ
ನಜಮಾ

~

ಗಾಂಧೀಧಾಮ
೨೬-೪-೧೯೭೪

ನಜಮಾ,

ನಿನ್ನ ಪತ್ರ ಓದಿದೆ. ಬೇರೆ ವಿಭಾಗ ಎಂದರೆ ಏನೆಂದು ನನಗೆ ಗೊತ್ತಾಗುವುದಿಲ್ಲ ಎಂದುಕೊಂಡೆಯಾ? ನಾನೂ ನೌಕರಿ ಮಾಡುವವನೇ. ಯಾರಿಗೆ ಗಾಳಿ ಬೆಳಕಿನ ಜಾಗ ಕೊಡುತ್ತಾರೆ ಎಂದು ಬಲ್ಲೆ. ಅಬ್ಬಾ ತೀರಿಕೊಂಡ ಮೇಲೆ ನೀನು ಓದಿದ್ದು ಎಷ್ಟು ಕಷ್ಟದಲ್ಲಿ ಎಂದು ಮರೆಯಬೇಡ. ಇನ್ನು ಆ ತುಂಡುಗಳನ್ನು ಮುಟ್ಟಬೇಡ. ಕಳಿಸಿದ್ದೇ ನನ್ನ ತಪ್ಪು.

ನೀರಿನ ಮಾತನ್ನು ಶಂಕ್ರೆಪ್ಪನವರಿಗೆ ಹೇಳಿ ನೋಡಿದೆ. “ಎಲ್ಲಾ ಪೈಪಿಗೂ ನೀರ ತುಂಬಿ ಒತ್ತಿದ್ರ ಛಲೋ ಇದ್ದವೂ ಒಡೀತಾವು. ಆಮ್ಯಾಲ ಪೈಪ್ ಎಲ್ಲಿಂದ ತರೂದು? ಯಾವ್ದು ಕೆಟ್ಟದ್ದೈತಿ ಅಂತ ನಿಮ್ಮ ತಂಗಿ ಹೇಳಲಿ, ಅದನ್ನ ಈಗ ತಗಸ್ತೀನಿ” ಎಂದರು.

ನಾನೂ ಅದನ್ನೇ ಕೇಳುತ್ತೇನೆ. ನಲವತ್ತು ಪೈಪು ಸಾಲಾಗಿ ಕೂಡಿಸಿಟ್ಟಿದ್ದೇವೆ. ಯಾವುದು ಮುರಿಯುತ್ತದೆ ಹೇಳು. ಒಂದೋ ಎರಡೋ ಆದರೆ ನಾನೇ ಬಿಚ್ಚುತ್ತೇನೆ. ಎಲ್ಲವೂ ಮುರಿಯಬಹುದು, ಯಾವುದೂ ಮುರಿಯದೆ ಇರಬಹುದು ಎಂದರೆ ಮನುಷ್ಯ ಏನು ಮಾಡಬೇಕು?

ಮೇ ತಿಂಗಳ ನಡುವೆ ಶುರು ಮಾಡುತ್ತಾರೆ. ಅವತ್ತು ದೊಡ್ಡವರೆಲ್ಲ ಅಂಧೇರಿ ಆಫೀಸಿನಿಂದ ಬರುತ್ತಾರಂತೆ. ನನಗೆ ಅವತ್ತು ಅಂಥ ಕೆಲಸವೇನೂ ಇಲ್ಲ. ದೂರದಲ್ಲಿ ನಿಂತು ಪೇಡೆ ತಿನ್ನುತ್ತೇನೆ. ರೋಷನಬಿಗೆ ಏನೂ ಹೇಳಬೇಡ.

ಕರೀಮ

~

ವಡಾಲ
೫-೫-೧೯೭೪

ಭಾಯಿಜಾನ,

ದೂರದಲ್ಲಿ ನಿಂತು ಪೇಡೆ ತಿನ್ನುತ್ತೇನೆ ಎಂದು ಬರೆದಿದ್ದೀರಿ. ನಿನ್ನೆ ನಲ್ಲಿಯ ಹತ್ತಿರ ದೇವಕ್ಕ ಹೇಳಿದರು: “ನಿಮ್ಮ ಅಣ್ಣಾರನ್ನ ವಾಲ್ವ್ ತಿರುವಾಕ ನಿಂದರಸ್ತಾರಂತ. ಇವರು ಪತ್ರದಾಗ ಬರ್ದಾರ. ದೊಡ್ಡ ಮರ್ಯಾದಿ ಬಿಡವ್ವಾ.” ಭಾಬಿ ಪಕ್ಕದಲ್ಲೇ ಕೊಡ ಹಿಡಿದು ನಿಂತಿದ್ದರು. ಅವರಿಗೂ ಮರ್ಯಾದೆ ಎಂದೇ ಅನಿಸಿತು. ಸಂಜೆ ಸಕ್ಕರೆ ಹಂಚಿದರು. ನಾನೂ ಬಾಯಿಗೆ ಹಾಕಿಕೊಂಡೆ.

ಗಾಳಿ ಬಿಡುವ ಆ ವಾಲ್ವು ಪೈಪುಗಳ ಸಾಲಿನ ಮುಂದೆ ಇದೆ, ಅಲ್ಲವೇ?

ಯಾವುದು ಮುರಿಯುತ್ತದೆ ಎಂದು ನನಗೆ ಹೇಳಲು ಬರುವುದಿಲ್ಲ. ಹೊರಗಿನಿಂದ ನೋಡಿ ಯಾರಿಗೂ ಹೇಳಲು ಬರುವುದಿಲ್ಲ. ನಲವತ್ತರಲ್ಲಿ ಕೆಲವು ಮುರಿಯುತ್ತವೆ ಎಂದಷ್ಟೇ ನನ್ನ ಲೆಕ್ಕ ಹೇಳುತ್ತದೆ. ಇದು ಉತ್ತರವಲ್ಲ ಎಂದು ನಿಮಗೆ ಸಿಟ್ಟು ಬರಬಹುದು. ನನಗೂ ಬರುತ್ತದೆ. ಅದಕ್ಕೇ ನೀರು ತುಂಬಿ ನೋಡಿ ಎಂದೆ. ಪೈಪನ್ನೇ ಕೇಳಬೇಕು, ನನ್ನನ್ನಲ್ಲ.

ಒಳ್ಳೆಯವೂ ಒಡೆಯುತ್ತವೆ ಎಂಬ ಮಾತು ನಿಜವಲ್ಲ. ಗಾಳಿ ಓಡುವಾಗಿನ ಕೆಲಸದ ಒತ್ತಡಕ್ಕಿಂತ ಸ್ವಲ್ಪವೇ ಹೆಚ್ಚು ಕೊಟ್ಟಾಗ ಒಡೆದರೆ ಅದು ಒಳ್ಳೆಯದಾಗಿರಲಿಲ್ಲ.

ರೈಲ್ವೆಯವರ ಮುಷ್ಕರ ಶುರುವಾಗುತ್ತದೆ ಎಂದು ಎಲ್ಲ ಕಡೆ ಸುದ್ದಿ. ಅದರೊಳಗೆ ಈ ಪತ್ರ ನಿಮ್ಮನ್ನು ಮುಟ್ಟಲಿ.

ನಜಮಾ

~

ವಡಾಲ
೧೭-೫-೧೯೭೪

ಭಾಯಿಜಾನ,

ನಿಮ್ಮಿಂದ ಏನೂ ಬಂದಿಲ್ಲ. ನನ್ನ ಹಿಂದಿನ ಪತ್ರ ಎಲ್ಲಿ ಬಿದ್ದಿದೆಯೋ ಗೊತ್ತಿಲ್ಲ. ಲೋಕಲ್ ಅಲ್ಲೊಂದು ಇಲ್ಲೊಂದು ಓಡುತ್ತಿದೆ. ಕುರ್ಲಾ ತನಕ ನಡೆದೇ ಹೋಗುತ್ತಿದ್ದೇನೆ. ಈ ಪತ್ರವೂ ಅಂಚೆ ಚೀಲದಲ್ಲೇ ಉಳಿಯುತ್ತದೆ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಸುಮ್ಮನೆ ಕೂರಲು ಆಗುತ್ತಿಲ್ಲ.

ಸೋಮವಾರ ಟ್ರಂಕ್ ಕಾಲ್ ಬುಕ್ ಮಾಡಿ ಅಂಚೆ ಕಚೇರಿಯ ಬೆಂಚಿನ ಮೇಲೆ ಮಧ್ಯಾಹ್ನವಿಡೀ ಕುಳಿತೆ. ಲೈನು ಸಿಗಲಿಲ್ಲ. ತಂತಿ ಕೊಟ್ಟೆ: ನೀರಿನ ಪರೀಕ್ಷೆ ಆಗದೆ ವಾಲ್ವ್ ಹತ್ತಿರ ಹೋಗಬೇಡಿ. ಕೌಂಟರಿನವನು ಎರಡು ಸಲ ಓದಿ, ಇದರ ಅರ್ಥ ಏನು ಎಂದು ಕೇಳಿದ. ಆಮೇಲೆ, ಯಾವಾಗ ಮುಟ್ಟುತ್ತದೋ ಹೇಳಲಾಗದು ಎಂದ.

ಬುಧವಾರ ರಜೆ ಹಾಕಿ ಅಂಧೇರಿಗೆ, ನಿಮ್ಮ ಕಂಪನಿಯ ಆಫೀಸಿಗೆ ಹೋದೆ. ಮ್ಯಾನೇಜರು ಕೂರಿಸಿ ಚಹಾ ಕೊಟ್ಟರು. ನಾನು ತುಂಡುಗಳನ್ನು ಮೇಜಿನ ಮೇಲೆ ಇಟ್ಟು ಹೇಳಿದೆ. ಅವರು ಕೇಳಿಸಿಕೊಂಡು, “ನಿಮ್ಮ ಲ್ಯಾಬಿನ ಮುದ್ರೆ ಸರಿಯೋ, ನೀವು ಸರಿಯೋ?” ಎಂದರು. ಎರಡೂ ಸರಿ ಎಂದೆ. ಅವರಿಗೆ ನಗು ಬಂತು. “ಸೈಟಿನಲ್ಲಿ ನಿಮ್ಮವರು ಯಾರಾದರೂ ಇದ್ದಾರೆಯೇ?” ಎಂದರು. ಇದ್ದಾರೆ ಎಂದೆ. ಅಲ್ಲಿಗೆ ನನ್ನ ಮಾತು ಮುಗಿಯಿತು. ಅವರಿಗೆ ನಾನು ಹೆದರಿದ ತಂಗಿ, ಅಷ್ಟೇ. ಹೆದರಿದ್ದೂ ನಿಜ.

ಶುರುವಾಯಿತೇ ಎಂದು ಅವರನ್ನೂ ಕೇಳಿದೆ. ಮುಷ್ಕರದಿಂದ ಸೈಟಿನ ಸುದ್ದಿ ಇಲ್ಲ ಎಂದರು.

ಮಸಿ ಹತ್ತಿದ ನನ್ನ ಸೆರಗು ನೋಡಿ ಭಾಬಿ, ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರು. ಲ್ಯಾಬಿಗೆ ಎಂದೆ. “ಲ್ಯಾಬಿನಿಂದ ಬಂದವಳ ಮುಖ ಹೀಗಿರುವುದಿಲ್ಲ” ಎಂದರು. ಇವತ್ತು ನಮಾಜಿನಲ್ಲಿ ಬಹಳ ಹೊತ್ತು ಕುಳಿತಿದ್ದರು.

ಬದುಕಿದ್ದೇನೆ ಎಂದು ಒಂದು ಕಾರ್ಡು ಹಾಕಿ.

ನಜಮಾ

~

ಗಾಂಧೀಧಾಮ
೩-೬-೧೯೭೪

ಪ್ರೀತಿಯ ನಜಮಾ,

ನಾನು ಸುಖವಾಗಿದ್ದೇನೆ. ಮುಷ್ಕರ ಮುಗಿದ ಮೇಲೆ ನಿನ್ನ ಎರಡು ಪತ್ರ, ತಂತಿ ಎಲ್ಲವೂ ಒಟ್ಟಿಗೆ ಬಂದವು. ತಂತಿಯ ಕಾಗದ ನೋಡಿ ರಾಮಪ್ಪನ ಬಣ್ಣವೇ ಇಳಿಯಿತು. ಹೀಗೆ ತಂತಿ ಕೊಡುತ್ತಾರೇನು?

ಸಾಮಾನಿನ ರೈಲು ವ್ಯಾಗನ್ನುಗಳು ಬರದೆ ಕಾರ್ಖಾನೆ ಇನ್ನೂ ಶುರುವಾಗಿಲ್ಲ. ಇಲ್ಲಿ ಸದ್ಯ ಕೆಲಸ ಕಡಿಮೆ. ರೂಮಿನಲ್ಲಿ ಮಲಗಿ ಎದ್ದು ಕಾಲ ಕಳೆಯುತ್ತಿದ್ದೇನೆ. ಸ್ವಲ್ಪ ದಪ್ಪವಾಗಿದ್ದೇನೆ ಎಂದು ರೋಷನಬಿಗೆ ಹೇಳು.

ಪೈಪಿನ ವಿಷಯ ಬಿಟ್ಟುಬಿಡು. ಅಂಧೇರಿ ಆಫೀಸಿಗೆ ಇನ್ನು ಹೋಗಬೇಡ.

ಕರೀಮ

~

ವಡಾಲ
೨೨-೬-೧೯೭೪

ಭಾಯಿಜಾನ,

ನಿಮ್ಮ ಪತ್ರ ಓದಿ, ನಾನು ಆಫೀಸಿಗೆ ಹೋಗಿ ನಿಮ್ಮ ಮಾನ ಕಳೆದೆನೆಂದು ನಿಮಗೆ ಸಿಟ್ಟು ಬಂದಿದೆ ಎಂದುಕೊಂಡೆ. ಹಾಗಾಗಿ ಇಷ್ಟು ದಿನ ಬರೆಯಲಿಲ್ಲ. ಮಳೆ ಹಿಡಿದಿದೆ, ಕುರ್ಲಾದಲ್ಲಿ ಹಳಿಯ ಮೇಲೆ ನೀರು ಎಂದೆಲ್ಲ ಎರಡು ಸಾಲು ಬರೆದು ಹರಿದೆ.

ನಿನ್ನೆ ನಮ್ಮ ಲ್ಯಾಬಿಗೆ ಒಂದು ಮರದ ಪೆಟ್ಟಿಗೆ ಬಂತು. ಗ್ರಾಫೈಟು ಬಲ್ಲವಳೆಂದು ಬಿಚ್ಚಲು ನನ್ನನ್ನೇ ಕರೆದರು. ಒಳಗೆ ಮುರಿದ ಮೂರು ಪೈಪು. ಜೊತೆಗೆ ನಿಮ್ಮ ಕಂಪನಿಯ ಚೀಟಿ: ಅಪ್ಪಣೆ ಮೀರಿ ಫೋರಮನ್ ಕರೀಮಸಾಬ ಮುರಿದದ್ದು, ಅವನನ್ನು ಕೆಲಸದಿಂದ ತಡೆಹಿಡಿದಿದ್ದೇವೆ, ಮಾಲು ಸರಿಯಿತ್ತು ಎಂದು ಪರೀಕ್ಷಿಸಿ ತಿಳಿಸಿ.

ಆ ಹೆಸರು ಓದಿ, ನಿಮ್ಮ ಹಿಂದಿನ ಪತ್ರವನ್ನು ಚೀಲದಿಂದ ತೆಗೆದು ಮತ್ತೆ ಓದಿದೆ.

ದಪ್ಪವಾಗಿದ್ದೇನೆ ಎಂದು ಬರೆದಿರಲ್ಲ. ಭಾಬಿ ಅದನ್ನು ಕೇಳಿ ಸಂತೋಷಪಟ್ಟು, ನಿಮ್ಮ ಅಂಗಿಗಳ ಹೊಲಿಗೆ ಬಿಚ್ಚಿ ಸಡಿಲ ಮಾಡುತ್ತಿದ್ದಾರೆ.

ದೊಡ್ಡ ಸಾಹೇಬರ ಹತ್ತಿರ ಹೋಗಿ, ಈ ಮನುಷ್ಯ ನನ್ನ ಅಣ್ಣ, ನಾನು ಈ ಪರೀಕ್ಷೆ ಮುಟ್ಟಬಾರದು ಎಂದೆ. ಅವರು ಕನ್ನಡಕ ತೆಗೆದರು. “ಮೊದಲೇ ಯಾಕೆ ಹೇಳಲಿಲ್ಲ?” ಎಂದರು. ಏಪ್ರಿಲಿನಲ್ಲಿ ಹೇಳಿದ್ದರೆ ಅಣ್ಣನಿಗಾಗಿ ಹೇಳುತ್ತಿದ್ದೇನೆ ಎನ್ನುತ್ತಿದ್ದಿರಿ ಎಂದೆ. ಅವರು ಚೀಟಿಯನ್ನು ತಮ್ಮ ಮೇಜಿನ ಖಾನೆಗೆ ಹಾಕಿಕೊಂಡರು.

ಏನಾಯಿತು ಅಲ್ಲಿ? ಈಗಲಾದರೂ ಬರೆಯಿರಿ.

ನಜಮಾ

~

ಗಾಂಧೀಧಾಮ
೧-೭-೧೯೭೪

ನಜಮಾ,

ಹೇಳುತ್ತೇನೆ. ನಿನಗೆ ಹೇಳಿದರೆ, ನನ್ನ ಮಾತಿನಿಂದಲೇ ಭಾಯಿಗೆ ಹೀಗಾಯಿತು ಎಂದುಕೊಳ್ಳುತ್ತೀ ಎಂದು ಮುಚ್ಚಿಟ್ಟೆ.

ಮುಷ್ಕರ ಶುರುವಾಗಿ ವ್ಯಾಗನ್ನು ನಿಂತವು. ಕೈಯಲ್ಲಿ ಕೆಲಸವಿಲ್ಲ. ಪೈಪುಗಳ ಎದುರು ಕುಳಿತರೆ ನಿನ್ನ ಬಾವಿಯ ಹಗ್ಗವೇ ಕಣ್ಣಮುಂದೆ. ಶಂಕ್ರೆಪ್ಪನವರ ಹತ್ತಿರ ಮತ್ತೆ ಹೋದೆ. “ಸಾಹೇಬ್ರ, ನೀರಿಗೆ ಒಡಿಯೂದು ಗಾಳಿಗೆ ಒಡಿಯಂಗಿಲ್ಲೇನ್ರಿ?” ಎಂದೆ. ಅವರಿಗೆ ತಿಳಿಯಿತು. ತಿಳಿದೂ, “ನಾ ಬ್ಯಾಡ ಅಂತ ಹೇಳೀನಿ. ಮಾಡಿದ್ರ ನಿನ್ನ ಮ್ಯಾಲ” ಎಂದು ಆಚೆ ನಡೆದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೂ ಮೇಲಿನವರು ಇದ್ದಾರೆ.

ಆಯಿತು, ನನ್ನ ಮೇಲೆ ಎಂದುಕೊಂಡೆ. ರಾಮಪ್ಪನನ್ನು ದೂರ ಕಳಿಸಿ, ಕೈಪಂಪು ಹಿಡಿದು ಒಬ್ಬನೇ ಶುರು ಮಾಡಿದೆ. ಮೊದಲನೆಯದು ತಡೆಯಿತು. ಮುಂದಿನವೂ ತಡೆದವು. ಎಲ್ಲವೂ ತಡೆದರೆ ನಾನು ಸುಮ್ಮನೆ ಅಪ್ಪಣೆ ಮೀರಿದ ಹುಚ್ಚ. ಆರನೆಯದೋ ಏಳನೆಯದೋ, ಪಂಪಿನಲ್ಲಿ ಒತ್ತಡ ತೋರಿಸುವ ಮುಳ್ಳು ಕೆಲಸದ ಮಟ್ಟವನ್ನೇ ಮುಟ್ಟಿರಲಿಲ್ಲ, ಟಪ್ ಎಂದಿತು. ನೀರು ನನ್ನ ಕಾಲ ಮೇಲೆ ಹರಿಯಿತು. ನಾನು ಆ ಪೈಪಿನ ಎದುರೇ ವಾಲ್ವ್ ಹಿಡಿದು ನಿಲ್ಲಬೇಕಾಗಿತ್ತು ನಜಮಾ. ಮೂರು ಮುರಿಯುವ ಹೊತ್ತಿಗೆ ಶಂಕ್ರೆಪ್ಪನವರು ಬಂದು ಪಂಪು ಕಿತ್ತುಕೊಂಡರು. ಅವತ್ತೇ ಸಸ್ಪೆಂಡ್. ನಿನ್ನ ತಂತಿ ಬಂದಾಗ ನಾನು ರೂಮಿನಲ್ಲಿ ಮಲಗಿದ್ದೆ.

ಉಳಿದ ಪೈಪು ಹಾಗೇ ಇವೆ. ವ್ಯಾಗನ್ನು ಬಂದಿವೆ. ವಾಲ್ವಿಗೆ ಈಗ ರಾಮಪ್ಪನ ಹೆಸರು ಹಾಕಿದ್ದಾರೆ. ನಿಮ್ಮ ಲ್ಯಾಬಿನ ಉತ್ತರ ಬಂದ ಕೂಡಲೇ ಶುರು. ದೇವಕ್ಕನಿಗೆ ತಿಳಿಯದಿರಲಿ.

ಕರೀಮ

~

ವಡಾಲ
೧೬-೭-೧೯೭೪

ಭಾಯಿಜಾನ, ಸಲಾಮ.

ನಿನ್ನೆ ಪರೀಕ್ಷೆ ಆಯಿತು. ಆ ಮೂರು ಪೈಪುಗಳನ್ನು ಪೂರಾ ದಪ್ಪದ ತುಂಡುಗಳಾಗಿ ಕತ್ತರಿಸಿ ದೊಡ್ಡ ಸಾಹೇಬರು ತಾವೇ ಮಾಡಿದರು. ಅಂಧೇರಿ ಮ್ಯಾನೇಜರನ್ನೂ ಕರೆಸಿದ್ದರು. ನನ್ನನ್ನು ಒಳಗೆ ಬಿಡಲಿಲ್ಲ. ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕುಳಿತೆ. ಹೊರಗೆ ಮಳೆ. ಒಳಗೆ ಯಂತ್ರದ ಗುಂಯ್ ಶಬ್ದ.

ಆ ಯಂತ್ರ ನನಗೆ ಎಷ್ಟು ಪರಿಚಯವೆಂದರೆ, ಭಾರ ಎಲ್ಲಿಗೆ ಮುಟ್ಟಿದೆ ಎಂದು ಶಬ್ದದಲ್ಲೇ ತಿಳಿಯುತ್ತದೆ. ಮೊದಲ ತುಂಡು ಬಹಳ ಹೊತ್ತು ತಡೆಯಿತು. ಎರಡನೆಯದು ಅದಕ್ಕಿಂತ ಹೆಚ್ಚು. ಮಾಲು ಗಟ್ಟಿ ಇರಲಿ ಎಂದು ಹಾರೈಸುವ ಕೆಲಸ ನನ್ನದು. ನಿನ್ನೆ, ಯಾ ಅಲ್ಲಾ, ಇದು ಬೇಗ ಮುರಿಯಲಿ ಎಂದು ಬೇಡಿಕೊಂಡೆ. ಒಳಗಿನಿಂದ ಮ್ಯಾನೇಜರು ಏನೋ ಹೇಳಿ ನಕ್ಕದ್ದು ಕೇಳಿಸಿತು. ಮೂರನೆಯದಕ್ಕೆ ಯಂತ್ರ ಹಾಕಿದ ಸ್ವಲ್ಪದರಲ್ಲೇ ಟಕ್. ಆಮೇಲೆ ಒಂದು ಗಟ್ಟಿ. ಒಂದು ನಡುವೆ. ಮತ್ತೆ ಒಂದು, ಇನ್ನೂ ಬೇಗ. ನಗು ನಿಂತಿತ್ತು.

ಎಲ್ಲ ಮುಗಿದ ಮೇಲೆ ನನ್ನನ್ನು ಕರೆದರು. ಬೇಗ ಮುರಿದ ತುಂಡಿನ ಮುಖವನ್ನು ಸಾಹೇಬರು ದೀಪಕ್ಕೆ ಹಿಡಿದಿದ್ದರು. ನಡುವೆ ತೊಗರಿಬೇಳೆಯಷ್ಟು ಪೊಳ್ಳು. ಮ್ಯಾನೇಜರು, “ಆದರೂ ಅರ್ಧಕ್ಕಿಂತ ಹೆಚ್ಚು ಗಟ್ಟಿ ಇವೆಯಲ್ಲ, ಸರಾಸರಿ ಚೆನ್ನಾಗಿದೆ” ಎಂದರು.

ಸಾಹೇಬರು ತುಂಡನ್ನು ಅವರ ಅಂಗೈಯಲ್ಲಿಟ್ಟರು. “ನಿಮ್ಮ ಮನುಷ್ಯ ಸರಾಸರಿ ಪೈಪಿನ ಎದುರು ನಿಲ್ಲುವುದಿಲ್ಲ. ನಲವತ್ತರ ಎದುರು ನಿಲ್ಲುತ್ತಾನೆ. ಅದರಲ್ಲಿ ಅತಿ ಕೆಟ್ಟದ್ದು ಒಂದೇ ಸಾಕು” ಎಂದರು. ಆಮೇಲೆ, ನನ್ನ ಕಡೆ ನೋಡದೆ, “ಕಡ್ಡಿಯ ಬಲವನ್ನು ಪೈಪಿನ ಬಲ ಎಂದು ಓದುತ್ತಾರೆ ಎಂದು ನನಗೂ ಗೊತ್ತಿರಬೇಕಿತ್ತು” ಎಂದರು.

ವರದಿ ಇವತ್ತು ಹೋಯಿತು. ಪೈಪು ಮುರಿದದ್ದು ಒಳಗಿನ ದೋಷದಿಂದ, ಫೋರಮನ್ ಮಾಡಿದ ಪರೀಕ್ಷೆ ಎಲ್ಲ ಪೈಪಿಗೂ ಆಗಲೇಬೇಕು, ಆಮ್ಲದ ಗಾಳಿಯ ಒತ್ತಡ ಇಳಿಸಬೇಕು. ಕೊನೆಗೆ ಒಂದು ಸಾಲು ಸೇರಿಸಿ ಎಂದು ನಾನು ಕೇಳಿಕೊಂಡೆ: ಪರೀಕ್ಷೆಯಲ್ಲಿ ಉಳಿದ ಪೈಪೂ ಮುಂದೆ ಮುರಿಯಬಹುದು, ಬಿಸಿ ತಂಪಿಗೆ ಬಿರುಕು ಬೆಳೆಯಬಹುದು, ಆದ್ದರಿಂದ ಮನುಷ್ಯ ಅಲ್ಲಿ ನಿಲ್ಲಬಾರದು, ನಡುವೆ ಗೋಡೆ ಕಟ್ಟಿ ವಾಲ್ವನ್ನು ಆಚೆಯಿಂದ ತಿರುಗಿಸಬೇಕು. ಸಾಹೇಬರು ಸೇರಿಸಿದರು. ನಾನು ತಂಗಿ ಎಂದು ನನ್ನ ಹೆಸರು ಹಾಕಲಿಲ್ಲ. ಹಾಕದಿದ್ದದ್ದೇ ಸರಿ.

ಸಂಜೆ ಭಾಬಿಗೆ ಎಲ್ಲ ಹೇಳಿದೆ. ಅವರು ಅಳಲಿಲ್ಲ. “ನೀನು ಓದುತ್ತಾ ಓದುತ್ತಾ ಅಲ್ಲಲ್ಲಿ ಉಸಿರು ಎಳೆಯುತ್ತಿದ್ದೆ. ಅಲ್ಲೆಲ್ಲ ಏನೋ ಬಿಡುತ್ತಿದ್ದೀ ಎಂದು ಗೊತ್ತಿತ್ತು” ಎಂದರು. ಆಮೇಲೆ ದೇವಕ್ಕನ ಮನೆಗೆ ಹೋಗಿ ಬಹಳ ಹೊತ್ತು ಕುಳಿತು ಬಂದರು.

ನಜಮಾ

~

ಗಾಂಧೀಧಾಮ
೩೦-೮-೧೯೭೪

ಪ್ರೀತಿಯ ನಜಮಾ,

ನನ್ನನ್ನು ವಾಪಸು ತೆಗೆದುಕೊಂಡದ್ದನ್ನು ಕಾರ್ಡಿನಲ್ಲಿ ಬರೆದಿದ್ದೆ. ಉಳಿದದ್ದು ಈಗ.

ಎಲ್ಲ ಪೈಪಿಗೂ ನೀರಿನ ಪರೀಕ್ಷೆ ಮಾಡಿದೆವು. ಇನ್ನೂ ನಾಲ್ಕು ಹೋದವು. ಹೊಸವು ಬಂದ ಮೇಲೆ ಅವನ್ನೂ ಒತ್ತಿ ನೋಡಿ ಕೂಡಿಸಿದೆವು. ಗೋಡೆಯ ಮಾತಿಗೆ ಮಾತ್ರ ಶಂಕ್ರೆಪ್ಪನವರು ಒಪ್ಪಲೊಲ್ಲರು. “ಪಾಸಾದ ಪೈಪಿಗೆ ಗ್ವಾಡಿ ಯಾಕ? ಇಟ್ಟಂಗಿ ದಂಡ” ಎಂದು ಗೊಣಗಿದರು. ವರದಿಯಲ್ಲಿ ಬರೆದಿದ್ದರಿಂದ ಕಟ್ಟಲೇಬೇಕಾಯಿತು. ವಾಲ್ವಿಗೆ ಉದ್ದನೆಯ ಕಬ್ಬಿಣದ ಸಲಾಕೆ ಕೂಡಿಸಿ ಗೋಡೆಯ ತೂತಿನಿಂದ ಈಚೆ ತಂದೆ. ಶುರು ಮಾಡಿದ ದಿನ ನಾನೇ ತಿರುವಿದೆ. ಏನೂ ಆಗಲಿಲ್ಲ. ಪೇಡೆ ಹಂಚಿದರು. ಶಂಕ್ರೆಪ್ಪನವರು ಗೋಡೆಯನ್ನು ತಟ್ಟಿ, “ಆರಾಮ ನೆರಳಾತು ನಿನಗ” ಎಂದರು.

ಎರಡು ವಾರ ಚೆನ್ನಾಗಿ ನಡೆಯಿತು. ಮೊನ್ನೆ ಮಧ್ಯಾಹ್ನ ರಾಮಪ್ಪ, ನಾನು ಗೋಡೆಯ ಈಚೆ ನಿಂತು ಮಾತಾಡುತ್ತಿದ್ದೆವು. ಆಚೆ ಟಪ್ ಎಂದಿತು. ಗೋಡೆಗೆ ಚೂರುಗಳು ಬಡಿದ ಶಬ್ದ. ಬಿಳಿ ಹೊಗೆ ಗೋಡೆಯ ಮೇಲಿನಿಂದ ಉಕ್ಕಿತು. ಸಲಾಕೆ ತಿರುವಿ ವಾಲ್ವು ಮುಚ್ಚಿ, ಮೂಗಿಗೆ ಒದ್ದೆ ಬಟ್ಟೆ ಹಿಡಿದು ಓಡಿದೆವು. ಇಬ್ಬರಿಗೂ ಕೆಮ್ಮು ಬಿಟ್ಟರೆ ಬೇರೇನಿಲ್ಲ.

ಹೊಗೆ ಇಳಿದ ಮೇಲೆ ಶಂಕ್ರೆಪ್ಪನವರ ಜೊತೆ ಒಳಗೆ ಹೋದೆ. ಮುರಿದದ್ದು ನೀರಿನ ಪರೀಕ್ಷೆಯಲ್ಲಿ ಚೆನ್ನಾಗಿ ಪಾಸಾದ ಪೈಪು, ನಾನೇ ಒತ್ತಿ ನೋಡಿದ್ದು. ಅದರ ಎದುರು, ಮೊದಲು ವಾಲ್ವಿನ ಚಕ್ರ ಇದ್ದ ಕಡೆ, ಕಬ್ಬಿಣದ ಕಟಕಟೆ ಇದೆ. ಅದರ ಬಣ್ಣವೆಲ್ಲ ಸುಲಿದು ಕಬ್ಬಿಣ ಬೆತ್ತಲಾಗಿತ್ತು. ನನ್ನ ಎದೆಯ ಎತ್ತರಕ್ಕೆ.

ಶಂಕ್ರೆಪ್ಪನವರು ಅದನ್ನು ಕೈಯಿಂದ ಮುಟ್ಟಲು ಹೋಗಿ ಹಿಂದೆ ತೆಗೆದುಕೊಂಡರು. “ಇಲ್ಲೇ ನಿಂದರಸ್ತಿದ್ದೆ ನಿನ್ನ” ಎಂದರು. ಆಮೇಲೆ ನನ್ನ ಮುಖ ನೋಡಲಿಲ್ಲ. ಹೊರಗೆ ಹೋಗಿ ಕಲ್ಲಿನ ಮೇಲೆ ಕುಳಿತರು. ನಾನೂ ಹೋಗಿ ಪಕ್ಕದಲ್ಲಿ ಕುಳಿತೆ.

ಇವತ್ತು ಹೊಸ ಪೈಪು ಕೂಡಿಸಿದೆವು. ಶಂಕ್ರೆಪ್ಪನವರು ಗೋಡೆಯನ್ನು ಇನ್ನೆರಡು ಸಾಲು ಎತ್ತರ ಮಾಡಿಸುತ್ತಿದ್ದಾರೆ. ನಾಳೆ ಮತ್ತೆ ಶುರು. ನಾನು ಗೋಡೆಯ ಈಚೆ ಇರುತ್ತೇನೆ.

ನಿನ್ನ ಭಾಯಿ
ಕರೀಮ